ಕೆರೆ ದಡದಲ್ಲಿ ಗುರುತಯ್ಯನ ಡೇರೆ

ರಜೆ ಬಂತೆಂದರೆ ದುಡ್ಡಿದ್ದವರು ಬೆಟ್ಟದ ಮೇಲಿನ ಹೋಟೆಲಿಗೆ ಹೋಗುತ್ತಾರೆ. ದುಡ್ಡಿಲ್ಲದವರು ಅವರು ತಂದು ತೋರಿಸುವ ಫೋಟೋಗಳನ್ನು ನೋಡಿ "ಅಬ್ಬಾ, ಎಷ್ಟು ಚೆನ್ನಾಗಿದೆ" ಎನ್ನುತ್ತಾರೆ. ಲೋಕ ಹೀಗೆ ಎರಡು ಪಾಲಾಗಿ ಸುಖವಾಗಿ ನಡೆದುಕೊಂಡು ಹೋಗುತ್ತಿರುವಾಗ, ಮೂರನೆಯ ದಾರಿಯೊಂದನ್ನು ಕಂಡುಹಿಡಿಯಲು ಹೊರಟವನು ನಮ್ಮ ಗುರುತಯ್ಯ.

ಗುರುತಯ್ಯ ಎಂಬುದು ಅಡ್ಡಹೆಸರು. ಅವನು ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೋಣೆಯ ಗುಮಾಸ್ತ. ಪ್ರಯಾಣಿಕರು ಮರೆತುಹೋದ ಟೋಪಿ, ತಂಬಿಗೆ, ಊಟದ ಡಬ್ಬಿ, ಒಂಟಿ ಷೂ, ಹಲ್ಲಿನ ಸೆಟ್ಟು ಎಲ್ಲವೂ ಕೊನೆಗೆ ಅವನ ಕಪಾಟಿಗೇ ಬರುತ್ತಿದ್ದವು. ಅವುಗಳನ್ನು ಹುಡುಕಿಕೊಂಡು ಬಂದವರಿಗೆ ಅವನದು ಒಂದೇ ಮಾತು: "ಗುರುತು ಹೇಳಿ." ಕೊಡೆ ಕಳೆದುಕೊಂಡವನೊಬ್ಬ "ಕಪ್ಪಗಿತ್ತು ಸಾರ್" ಎಂದರೆ, ಬಾವಲಿಗಳ ಹಾಗೆ ಸಾಲಾಗಿ ನೇತಾಡುತ್ತಿದ್ದ ಕಪ್ಪು ಕೊಡೆಗಳನ್ನು ತೋರಿಸಿ, "ಕಪ್ಪು ಅನ್ನೋದು ಗುರುತಲ್ಲ ಸ್ವಾಮಿ, ಕೊಡೆಯ ಸ್ವಭಾವ" ಎನ್ನುತ್ತಿದ್ದ. ಮನೆಯಲ್ಲಿ ಹೆಂಡತಿ "ಉಪ್ಪಿನ ಡಬ್ಬಿ ಕಾಣಿಸ್ತಿಲ್ಲ" ಎಂದರೂ ಅವನ ಬಾಯಿಂದ ಮೊದಲು ಬರುತ್ತಿದ್ದುದು ಇದೇ ಪ್ರಶ್ನೆ.

ಅವನಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಚೀಲವನ್ನು ಬಿಚ್ಚದೆ, ಹೊರಗಿನಿಂದಲೇ ಹಿಸುಕಿ, ಒಳಗೇನಿದೆ ಎಂದು ಹೇಳಬಲ್ಲೆ ಎಂಬುದು. ವೈದ್ಯರು ರೋಗಿಯ ಹೊಟ್ಟೆ ಒತ್ತುವಂತೆ ಗಂಭೀರವಾಗಿ ಒತ್ತಿ, ಕಣ್ಣು ಅರೆಮುಚ್ಚಿ, "ಷೂ. ಎಡಗಾಲಿನದು" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಎಡಗಾಲಿನದೇ. ಹೀಗಾಗಿ ಬಿಚ್ಚಿ ನೋಡುವ ಪದ್ಧತಿಯನ್ನೇ ಅವನು ಕ್ರಮೇಣ ಕೈಬಿಟ್ಟಿದ್ದ. ಉದ್ದನೆಯ ಹಸಿರು ಚೀಲವೊಂದು ಬಂದಾಗಲೂ ಹಿಸುಕಿ, "ಡೇರೆ, ಕಂಬಗಳ ಸಮೇತ" ಎಂದು ಚೀಟಿ ಬರೆದು ಕಟ್ಟಿದ. ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ. ವಾರಸುದಾರರಿಲ್ಲದ ವಸ್ತುಗಳನ್ನು ಹರಾಜು ಹಾಕುವ ದಿನವೂ ಅದಕ್ಕೆ ಯಾರೂ ಕೈ ಎತ್ತಲಿಲ್ಲ. ಕೊನೆಗೆ ಮೇಲಧಿಕಾರಿಯ ಒಪ್ಪಿಗೆ ಪಡೆದು ಗುರುತಯ್ಯನೇ ಎತ್ತಿದ. ಜೊತೆಗೆ ಮೀನು ಹಿಡಿಯುವ ಗಾಳದ ಕೋಲೊಂದು, ಮಡಚುವ ಕುರ್ಚಿಯೊಂದು, ಮುಚ್ಚಳವಿಲ್ಲದ ಫ್ಲಾಸ್ಕು ಒಂದು ಅವನ ಪಾಲಾದವು.

ಇಷ್ಟೆಲ್ಲ ಸಿದ್ಧತೆಗೆ ಕಾರಣ ಹೆಂಡತಿ. ಹಿಂದಿನ ವರ್ಷ ಗುರುತಯ್ಯನ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಅವರನ್ನು ಎತ್ತಿ ಕೂರಿಸಿ, ಇಳಿಸಿ ಮಲಗಿಸಿ, ಮತ್ತೆ ಕೋಲು ಹಿಡಿದು ನಡೆಯುವಂತೆ ಮಾಡಿದವಳು ಅವಳೇ. ತಾಯಿಯ ಸೊಂಟ ಮುರಿದಿತ್ತೇ ಹೊರತು ದನಿ ಮುರಿದಿರಲಿಲ್ಲ. ಅಹವಾಲು ಹೇಳುವುದರಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ.

"ಈ ಸಲ ಎಲ್ಲಿಗಾದರೂ ಹೋಗೋಣ್ವಾ?" ಎಂದು ಗುರುತಯ್ಯ ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ.

"ನನಗೆ ಎಲ್ಲಿಗೂ ಹೋಗೋದು ಬೇಡ ರೀ," ಎಂದಳು ಅವಳು, ಪಾತ್ರೆ ಉಜ್ಜುತ್ತಲೇ. "ಎರಡು ದಿನ ನನ್ನನ್ನ ಯಾರೂ ಕೂಗಬಾರದು. ಅಷ್ಟು ಸಿಕ್ಕಿದರೆ ಸಾಕು."

"ಏನಮ್ಮಾ, ಈ ದಿಂಬು ಯಾಕೆ ಹೀಗಿದೆ?" ಎಂದು ಒಳಕೋಣೆಯಿಂದ ಕೂಗು ಬಂತು. ದಿಂಬು ಹೇಗಿದೆಯೆಂದು ನೋಡಲು ಅವಳು ಕೈ ಒರೆಸಿಕೊಂಡು ಹೋದಳು. ಅವಳ ಬೆನ್ನನ್ನು ನೋಡುತ್ತ ಗುರುತಯ್ಯ ಅಲ್ಲೇ ನಿಶ್ಚಯಿಸಿದ: ಆ ಎರಡು ದಿನಗಳನ್ನು ಅವಳಿಗೆ ಕೊಡಿಸಲೇಬೇಕು.

ನಿಶ್ಚಯವನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಮಾರನೆಯ ದಿನ ಊಟದ ಹೊತ್ತಿನಲ್ಲಿ ಟಿಕೆಟ್ ಕೌಂಟರಿನಾಕೆ ತನ್ನ ಬೆಟ್ಟದ ಹೋಟೆಲಿನ ವರ್ಣನೆ ಶುರುಮಾಡಿದಾಗ ಅವನಿಗೆ ತಡೆಯಲಾಗಲಿಲ್ಲ.

"ಹೋಟೆಲ್ಲಾ?" ಎಂದ, ಮೂಗು ಸ್ವಲ್ಪ ಮೇಲೆ ಮಾಡಿ. "ನಾಲ್ಕು ಗೋಡೆ ಇಲ್ಲೂ ಇದೆಯಲ್ಲಮ್ಮ. ನಾವು ಬಯಲಿನ ಜನ. ಕೆರೆ ದಡದಲ್ಲಿ ಡೇರೆ ಹಾಕ್ತೀವಿ, ಮೀನು ಹಿಡೀತೀವಿ, ಸುಟ್ಟು ತಿಂತೀವಿ."

"ನಿಮಗೆ ಡೇರೆ ಹಾಕೋಕೆ ಬರುತ್ತಾ ಸಾರ್?"

"ಡೇರೆ ಅನ್ನೋದು ಕೊಡೆಯ ಅಣ್ಣ. ಕೊಡೆಗಳ ಮಧ್ಯೆ ಕೂದಲು ಬೆಳ್ಳಗಾದವನಿಗೆ ಅದೇನು ಮಹಾ?"

ರೈಲ್ವೆ ನೌಕರರಿಗೆ ರೈಲಿನ ಪಾಸು ಪುಕ್ಕಟೆ. ಹಾಗಾಗಿ ಕವಲು ರೈಲುದಾರಿಯ ಕೊನೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಊರ ಹೊರಗಿನ ದೊಡ್ಡ ಕೆರೆಗೆ ನಡೆದು ಹೋಗುವುದೆಂದು ತೀರ್ಮಾನವಾಯಿತು. ತಾಯಿಯನ್ನು ತಂಗಿಯ ಮನೆಯಲ್ಲಿ ಬಿಡುವುದೆಂದೂ ತೀರ್ಮಾನವಾಗಿತ್ತು. ಆದರೆ ಹೊರಡುವ ದಿನ ಬೆಳಿಗ್ಗೆ ತಾಯಿ ಚಪ್ಪಲಿ ಮೆಟ್ಟಿ, ಕೋಲು ಹಿಡಿದು, ಹೊಸ್ತಿಲ ಮೇಲೆ ಎಲ್ಲರಿಗಿಂತ ಮೊದಲು ನಿಂತಿದ್ದರು.

"ಅಮ್ಮಾ, ನೀನು ತಂಗಿ ಮನೆಗೆ..."

"ಅವಳ ಮನೆ ಮಂಚ ಕಿರುಗುಟ್ಟುತ್ತೆ. ನಾನೂ ಕೆರೆ ನೋಡ್ತೀನಿ. ಯಾಕೋ, ಹೆತ್ತೋಳು ಭಾರವಾದ್ಳಾ?"

ಗುರುತಯ್ಯ ಹೆಂಡತಿಯ ಮುಖ ನೋಡಿದ. ಅವಳು ಏನೂ ಹೇಳದೆ ಅತ್ತೆಯ ಔಷಧಿ, ಅತ್ತೆಯ ಶಾಲು, ಅತ್ತೆಯ ದಿಂಬುಗಳನ್ನು ಇನ್ನೊಂದು ಚೀಲಕ್ಕೆ ತುಂಬಿದಳು. ಅವಳು ಏನಾದರೂ ಹೇಳಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಕೆರೆ ತಲುಪುವಾಗ ಹೊತ್ತು ಇಳಿಯುತ್ತಿತ್ತು. ಚೀಲ ಬಿಚ್ಚಿದರೆ ಒಳಗಿದ್ದುದು ನಿಜವಾಗಿಯೂ ಡೇರೆಯೇ, ಕಂಬಗಳ ಸಮೇತ. "ನೋಡಿದ್ಯಾ? ಹಿಸುಕಿಯೇ ಹೇಳಿದ್ದೆ!" ಎಂದು ಗುರುತಯ್ಯ ಹಿಗ್ಗಿದ. ಅದನ್ನು ನಿಲ್ಲಿಸುವಾಗ ಡೇರೆ ಅವನ ಮೇಲೆ ಬಿತ್ತು, ಅವನು ಡೇರೆಯ ಮೇಲೆ ಬಿದ್ದ, ಒಂದು ಹಂತದಲ್ಲಿ ಯಾರು ಯಾರ ಮೇಲೆ ಬಿದ್ದರೆಂದು ಹೇಳುವುದೇ ಕಷ್ಟವಾಯಿತು. ಕೆರೆಯ ಕಾವಲುಗಾರ ಸೈಕಲ್ಲಿಗೆ ಒರಗಿ ನಿಂತು ಇದನ್ನು ಕೊನೆಯವರೆಗೂ ನೋಡಿ, ಬೇಲಿಯ ಒಳಗೆ ಬೆಂಕಿ ಮಾತ್ರ ಹಾಕಬೇಡಿ ಎಂದು ಹೇಳಿ ಹೋದ. ಡೇರೆಗೆ ನೀರಿನ ಕಡೆ ಬಾಗಿಲಿತ್ತು. ರಸ್ತೆಯ ಕಡೆ ಮೇಲೆ ಸುತ್ತಿ ಕಟ್ಟಿದ ಪರದೆಯಿತ್ತು. ದಾರಿಹೋಕರ ಕಣ್ಣು ಬೀಳುತ್ತದೆಂದು ಹೆಂಡತಿ ಒಳಗಿನಿಂದಲೇ ಗಂಟು ಬಿಚ್ಚಿ ಅದನ್ನು ಇಳಿಬಿಟ್ಟಳು. ಪರದೆಯ ಹೊರಮೈಯಲ್ಲಿ ಏನಿದೆಯೆಂದು ನೋಡುವ ಪ್ರಸಂಗ ಯಾರಿಗೂ ಬರಲಿಲ್ಲ.

ಬೆಳಿಗ್ಗೆ ಗುರುತಯ್ಯನನ್ನು ಎಬ್ಬಿಸಿದ್ದು ಹಕ್ಕಿಗಳ ಇಂಚರವಲ್ಲ, ಕೆಮ್ಮು. ಪರದೆ ಸರಿಸಿದರೆ ಹಿಟ್ಟು ಮೆತ್ತಿದ ತೋಳಿನ ಒಬ್ಬ ದಪ್ಪ ಮನುಷ್ಯ ಕೈಕಟ್ಟಿ ನಿಂತಿದ್ದ. ಆ ಊರಿನ ಬೇಕರಿಯವನು.

ನಿದ್ದೆಗಣ್ಣಿನಲ್ಲಿ ಗುರುತಯ್ಯನಿಗೆ ಇದು ಕೆರೆಯೋ ಕಚೇರಿಯೋ ತಿಳಿಯಲಿಲ್ಲ. ಬಾಯಿ ತಾನಾಗಿ ಕೇಳಿತು: "ಏನು ಕಳೆದುಹೋಗಿದೆ?"

"ಬೀದಿ ದೀಪ ಸಾರ್. ಕಂಬ ಇದೆ, ದೀಪ ಇಲ್ಲ."

"ಗುರುತು ಹೇಳಿ."

"ಕತ್ತಲೆ ಸಾರ್. ಪೂರ್ತಿ ಕತ್ತಲೆ."

"ನೋಡೋಣ," ಎಂದ ಗುರುತಯ್ಯ, ಅಭ್ಯಾಸಬಲದಿಂದ. ಬೇಕರಿಯವನ ಕಣ್ಣಲ್ಲಿ ನೀರು ಬಂತು. ಅವನು ಹಿಂದಕ್ಕೆ ತಿರುಗಿ, "ಕೇಳಿಸಿಕೊಂಡ್ರಾ? ನೋಡೋಣ ಅಂದ್ರು! ಇಷ್ಟು ವರ್ಷದಲ್ಲಿ ಒಬ್ಬರಾದರೂ ಅಷ್ಟು ಅಂದಿದ್ರಾ?" ಎಂದು ಕೂಗಿದ.

ಅವನ ಹಿಂದೆ ರಸ್ತೆಯವರೆಗೆ ಸಾಲು ನಿಂತಿತ್ತು.

ಗುರುತಯ್ಯ ಪೂರ್ತಿ ಎಚ್ಚರಗೊಂಡು, ಹೊರಗೆ ಬಂದು, ತಿರುಗಿ ತನ್ನ ಡೇರೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ. ಪರದೆಯ ಮೇಲೆ ಆಳೆತ್ತರದ ಕೆಂಪಕ್ಷರಗಳಲ್ಲಿ ಹೀಗೆ ಬರೆದಿತ್ತು: "ಸಾರ್ವಜನಿಕರ ಅಹವಾಲು ಕೇಳುವ ಸ್ಥಳ. ಸಂಕೋಚ ಬೇಡ. ಒಳಗೆ ಬನ್ನಿ."

"ನೋಡಿ, ತಪ್ಪು ತಿಳೀಬೇಡಿ," ಎಂದ ಅವನು ಎರಡೂ ಕೈ ಎತ್ತಿ. "ನಾನು ಅಧಿಕಾರಿ ಅಲ್ಲ. ಹೆಂಡತಿ ಜೊತೆ ಮೀನು ಹಿಡಿಯೋಕೆ ಬಂದೋನು."

ಸಾಲಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು.

"ಗುಟ್ಟಾಗಿ ಬಂದಿದ್ದಾರೆ," ಎಂದಳು ಬಟ್ಟೆ ಇಸ್ತ್ರಿ ಮಾಡುವಾಕೆ, ಪಕ್ಕದವಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ. "ಸಾಚಾ ಅಧಿಕಾರಿ ಯಾವತ್ತಾದರೂ ನಾನೇ ಅಧಿಕಾರಿ ಅಂತಾನಾ?"

"ಚಡ್ಡಿ ನೋಡು, ಎಷ್ಟು ಸರಳ!"

ಗುರುತಯ್ಯ ಅವಸರದಿಂದ ಪರದೆಯನ್ನು ಮೇಲಕ್ಕೆ ಸುತ್ತತೊಡಗಿದ. ಸಾಲು ಕೆರಳಿತು. "ಇನ್ನೂ ತೆರೆದೇ ಇಲ್ಲ, ಆಗಲೇ ಊಟದ ಬಿಡುವಾ?" ಎಂದೊಬ್ಬ. "ನಾವು ಬೆಳಗಿನ ಕೆಲಸ ಬಿಟ್ಟು ಬಂದಿದ್ದೀವಿ!" ಎಂದಿನ್ನೊಬ್ಬ. ಗುರುತಯ್ಯ ಪರದೆಯನ್ನು ಮತ್ತೆ ಇಳಿಬಿಟ್ಟ. ಇಳಿಬಿಟ್ಟದ್ದಕ್ಕೆ ಚಪ್ಪಾಳೆ ಬಿತ್ತು.

ಹೆಂಡತಿ ಡೇರೆಯ ಪಕ್ಕಕ್ಕೆ ಬಂದು ಗಾಳವನ್ನು ಹಿಡಿದು ಇದನ್ನೆಲ್ಲ ನೋಡುತ್ತಿದ್ದಳು. ಒಬ್ಬರು ಕೂಗುವುದು ಬೇಡವೆಂದು ಬಂದವಳ ಮುಂದೆ ಈಗ ಒಂದು ಊರೇ ಕೂಗುತ್ತಿತ್ತು. "ಇರಲಿ ಬಿಡಿ," ಎಂದಳು ಮೆಲ್ಲಗೆ. "ಬಟ್ಟೆ ಮಡಚಿಡ್ತೀನಿ. ಮಧ್ಯಾಹ್ನದ ರೈಲಿಗೆ ಹೋಗೋಣ."

 ಇಷ್ಟು ವರ್ಷ ಯಾರು ಯಾರದೋ ಕಳೆದ ವಸ್ತು ಹುಡುಕಿಕೊಟ್ಟ ಗುರುತಯ್ಯ ಹೆಂಡತಿಗೆ ಬೇಕಾದ ಎರಡು ದಿನ ಹುಡುಕಿಕೊಡಲಾರದೆ ನಿಂತಿದ್ದ.

ಆಗ ಡೇರೆಯೊಳಗಿಂದ ಮೊದಲು ಕೋಲು, ಆಮೇಲೆ ತಾಯಿ ಹೊರಗೆ ಬಂದರು.

"ಏನದು ಗಲಾಟೆ? ಸಂತೆನಾ?" ಅವರು ಮಡಚುವ ಕುರ್ಚಿಯನ್ನು ಎಳೆದು ಪರದೆಯ ಮುಂದೆ ಕೂತರು. "ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರೆ ಯಾರದು ಅಂತ ಕೇಳೋದು? ಏ ದಪ್ಪಯ್ಯ, ನೀನು ಹೇಳು. ಏನು ನಿನ್ನ ಗೋಳು?"

ಬೇಕರಿಯವನು ಬೀದಿ ದೀಪದ ಕಥೆಯನ್ನು ಮೊದಲಿನಿಂದ ಹೇಳಿದ. ತಾಯಿ ಒಂದು ಕೈ ಕಿವಿಗೆ ಹಿಡಿದು ಕೇಳಿದರು. ಜೀವನವಿಡೀ ಅಹವಾಲು ಹೇಳಿದವರಿಗೆ ಕೇಳುವುದರ ರುಚಿ ಅಂದೇ ಮೊದಲು ಹತ್ತಿತು. ಅದು ಅವರಿಗೆ ಎಷ್ಟು ಒಗ್ಗಿತೆಂದರೆ, ಮೂರನೆಯವನು ಬರುವ ಹೊತ್ತಿಗೆ ಅವರ ಬೆನ್ನು ನೆಟ್ಟಗಾಗಿತ್ತು, ಸೊಂಟ ನೋವು ಎಲ್ಲಿಗೋ ಹೋಗಿತ್ತು.

ನಿವೃತ್ತ ಮೇಷ್ಟ್ರೊಬ್ಬರು ಬಂದು, "ಈ ಊರಿನಲ್ಲಿ ನನ್ನನ್ನ ಯಾರೂ ಮಾತಾಡಿಸೋದಿಲ್ಲ ತಾಯಿ" ಎಂದರು.

"ನೀವು ಇವತ್ತು ಯಾರನ್ನ ಮಾತಾಡಿಸಿದ್ರಿ?"

"ನಾನಾಗಿ ಯಾಕೆ ಮಾತಾಡಿಸಬೇಕು? ನಾನು ಮೇಷ್ಟ್ರು."

"ಹಿಂದೆ ನಿಂತಿದ್ದಾಳಲ್ಲ, ಇಸ್ತ್ರಿಯವಳು, ಅವಳನ್ನ ಮಾತಾಡಿಸಿ. ನಾಳೆ ಬಂದು ಏನಾಯ್ತು ಅಂತ ಹೇಳಿ. ಮುಂದಿನವರು ಬನ್ನಿ!"

ಮೇಷ್ಟ್ರು ತಿರುಗಿ, ಗಂಟಲು ಸರಿಮಾಡಿಕೊಂಡು, ಇಸ್ತ್ರಿಯವಳಿಗೆ ಇಂದು ಸೆಕೆ ಜಾಸ್ತಿ ಎಂದರು. ತನಗೆ ಪ್ರತಿದಿನವೂ ಜಾಸ್ತಿಯೇ ಎಂದಳು ಅವಳು. ಅವರಿಬ್ಬರ ಮಾತು ಆಮೇಲೆ ನಿಲ್ಲಲೇ ಇಲ್ಲ.

ಹೀಗೆ ವಿಚಾರಣೆ ನಡೆಯುತ್ತಿರುವಾಗ ಸೊಸೆ ಅಭ್ಯಾಸದಂತೆ ಔಷಧಿ, ಶಾಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ತಾಯಿ ಅವಳತ್ತ ಕೋಲು ಬೀಸಿದರು. "ನೀನ್ಯಾಕೆ ಇಲ್ಲಿ? ಜನಕ್ಕೆ ಅಡ್ಡ. ಔಷಧಿ ಇಲ್ಲಿಡು, ಆ ಕಡೆ ಹೋಗು. ನಾನಾಗಿ ಕೂಗೋ ತನಕ ಬರಬೇಡ."

ಸೊಸೆ ಗಂಡನ ಮುಖ ನೋಡಿದಳು. ಗಂಡ ಆಕಾಶ ನೋಡಿದ. ಅವಳು ಗಾಳವನ್ನು ಹೆಗಲಿಗಿಟ್ಟು, ನಂಬಿಕೆಯಿಲ್ಲದ ಹೆಜ್ಜೆಗಳನ್ನಿಡುತ್ತ, ನಡುನಡುವೆ ತಿರುಗಿ ನೋಡುತ್ತ, ನೀರಿನ ಅಂಚಿಗೆ ಇಳಿದು ಹೋದಳು.

ಮಧ್ಯಾಹ್ನದ ರೈಲು ಇವರಿಲ್ಲದೆಯೇ ಹೋಯಿತು. ಅಹವಾಲು ಹೇಳಿ ಹಗುರಾದವರು ಬರಿಗೈಯಲ್ಲಿ ಹೋಗಲು ಒಪ್ಪದೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಣ್ಣು ತಂದು ಡೇರೆಯಲ್ಲಿಟ್ಟರು. "ಇದು ಲಂಚ ಆಗುತ್ತೆ ಕಣ್ರೀ!" ಎಂದು ಗುರುತಯ್ಯ ಬಡಕೊಂಡ. "ಅಧಿಕಾರಿ ಅಲ್ಲ ಅಂದ್ರಲ್ಲ ಸಾರ್, ಹಾಗಾದರೆ ಲಂಚ ಹೇಗಾಗುತ್ತೆ?" ಎಂದ ಬೇಕರಿಯವನು. ಈ ತರ್ಕವನ್ನು ಒಪ್ಪಿ ಗುರುತಯ್ಯ ಒಂದು ಬನ್ನು ತಿಂದ.

ಬನ್ನು ಮುಗಿಯುವ ಮೊದಲೇ ಸ್ಕೂಟರೊಂದು ಬಂದು ನಿಂತಿತು. ಅದರಿಂದ ಇಳಿದವರು ಆ ಊರಿನ ಪುರಸಭೆಯ ಅಧಿಕಾರಿ. ಡೇರೆಯನ್ನು ನೋಡಿದವರೇ, ಮೇಲಿನವರು ಗುಟ್ಟಾಗಿ ತನಿಖೆಗೆ ಬಂದಿದ್ದಾರೆಂದು ಬೆವರಿದರು. ಸಾಲಿನವರ ಕಣ್ಣು ತಪ್ಪಿಸಿ, ಮರಗಳ ಮರೆಯಲ್ಲಿ ಬಂದು, ಗುರುತಯ್ಯನ ತೋಳು ಹಿಡಿದು ಪೊದೆಯ ಹಿಂದಕ್ಕೆ ಎಳೆದರು.

"ಸಾರ್, ಮುಚ್ಚಿಟ್ಟಿದ್ದು ತಪ್ಪಾಯ್ತು. ನಮ್ಮನೇಲಿ ಮಕ್ಕಳು ಚಿಕ್ಕವರು."

"ಏನು ಮುಚ್ಚಿಟ್ರಿ?"

"ಈ ಡೇರೆ ಸಾರ್. ಜನರ ದೂರು ಕೇಳಿ ಅಂತ ದೊಡ್ಡ ಕಚೇರಿಯಿಂದ ಕೊಟ್ಟಿದ್ರು. ತರುವಾಗ ರೈಲಿನಲ್ಲಿ ಮರೆತುಬಿಟ್ಟೆ. ಡೇರೆ ಕಳೆದುಹೋಯ್ತು ಅಂತ ಹೇಳೋ ಧೈರ್ಯ ಬರಲಿಲ್ಲ. ಡೇರೆ ಇಲ್ಲದೆ ದೂರು ಕೇಳೋ ಹಾಗಿಲ್ಲ. ಅದಕ್ಕೆ ನಮ್ಮ ಊರಿನಲ್ಲಿ ದೂರೇ ಇಲ್ಲ ಅಂತ ಬರೆದು ಕಳಿಸ್ತಾ ಬಂದೆ. ಹೋದ ವರ್ಷ ಅದಕ್ಕೆ ಬಹುಮಾನ ಬೇರೆ ಕೊಟ್ಟುಬಿಟ್ರು ಸಾರ್!"

ಬೇರೆ ಯಾರಾಗಿದ್ದರೂ ಬಹುಮಾನದ ವಿಷಯ ಕೆದಕುತ್ತಿದ್ದರು. ಆದರೆ ಗುರುತಯ್ಯನ ಕಿವಿಗೆ ಬಿದ್ದದ್ದು "ರೈಲಿನಲ್ಲಿ ಮರೆತುಬಿಟ್ಟೆ" ಎಂಬ ಮಾತೊಂದೇ. ಅವನ ಎದೆ ಉಬ್ಬಿತು.

"ಗುರುತು ಹೇಳಿ," ಎಂದ.

"ಹಿಂದಿನ ಮೂಲೆಯಲ್ಲಿ ಇಲಿ ಕಚ್ಚಿದ ತೂತಿತ್ತು ಸಾರ್. ದೊಡ್ಡ ಕಚೇರಿಯ ಗೋದಾಮಿನಲ್ಲೇ ನಿಂತು ನೀಲಿ ದಾರದಲ್ಲಿ ನಾನೇ ಹೊಲಿದೆ. ಹೊಲಿಗೆ ಸೊಟ್ಟಗಿದೆ."

ಗುರುತಯ್ಯ ಹೋಗಿ ನೋಡಿ ಬಂದ. ನೀಲಿ ದಾರ, ಸೊಟ್ಟ ಹೊಲಿಗೆ. "ನಿಮ್ಮದೇ! ತಗೊಳ್ಳಿ. ಈಗಲೇ ಬಿಚ್ಚಿ ಕೊಡ್ತೀನಿ" ಎಂದು ಹಿಗ್ಗಿನಿಂದ ಅಂದವನು, ಕೆರೆಯ ಕಡೆ ಕಣ್ಣು ಹಾಯಿಸಿ ತಣ್ಣಗಾದ. ಡೇರೆ ಕೊಟ್ಟರೆ ಇಂದೇ ಹೊರಡಬೇಕು. ನೀರಿನಂಚಿನಲ್ಲಿ ಹೆಂಡತಿ ಕಾಲು ಚಾಚಿ ಕೂತಿದ್ದಳು. ಅವಳು ಕಾಲು ಚಾಚಿ ಕೂತದ್ದನ್ನು ಅವನು ಕಡೆಯ ಸಲ ನೋಡಿದ್ದು ಯಾವಾಗಲೋ.

ಅಧಿಕಾರಿಯ ಸಂಕಟ ಬೇರೆಯೇ ಇತ್ತು. "ಬೇಡ ಸಾರ್! ಇದನ್ನ ಇಟ್ಟುಕೊಂಡ್ರೆ ದಿನಾ ದೂರು ಕೇಳಬೇಕಾಗುತ್ತೆ. ದಯವಿಟ್ಟು ವಾಪಸ್ ತಗೊಂಡು ಹೋಗಿ. ಯಾವುದಾದರೂ ದೂರದ ರೈಲಿನಲ್ಲಿ ಮರೆತುಬಿಡಿ."

"ಮರೆಯೋದಾ? ನನ್ನ ಕೈಯಲ್ಲಿ? ವಾರಸುದಾರ ಎದುರಿಗೆ ನಿಂತಿರುವಾಗ?"

"ನಾನು ವಾರಸುದಾರ ಅಲ್ಲ ಸಾರ್!"

"ಈಗ ತಾನೇ ಗುರುತು ಹೇಳಿದ್ರಿ!"

"ಹಾಗಾದರೆ ಹೇಳಿಲ್ಲ ಅಂದ್ಕೊಳ್ಳಿ!"

ಒಂದು ವಸ್ತುವನ್ನು ನನ್ನದು ನನ್ನದು ಎಂದು ಇಬ್ಬರು ಎಳೆದಾಡುವುದನ್ನು ಲೋಕ ಕಂಡಿದೆ. ನಿನ್ನದು ನಿನ್ನದು ಎಂದು ಇಬ್ಬರು ತಳ್ಳಾಡುವುದನ್ನು ಆ ಸಾಲು ಅಂದೇ ಮೊದಲು ಕಂಡಿತು. ದನಿ ಏರಿತು, ಪೊದೆ ಅಲ್ಲಾಡಿತು. ಕೊನೆಗೆ ಕೋಲಿನ ಕುಟ್ಟುವಿಕೆ ಕೇಳಿಸಿತು.

"ಇಬ್ಬರೂ ಬನ್ನಿ ಇಲ್ಲಿ!"

ಇಬ್ಬರೂ ಬಂದು ಕುರ್ಚಿಯ ಮುಂದೆ ನಿಂತರು. ಅಧಿಕಾರಿ ಅವರಿಗೇ ತಿಳಿಯದಂತೆ ಕೈ ಕಟ್ಟಿಕೊಂಡಿದ್ದರು. ತಾಯಿ ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಅವರು ಸುಮ್ಮನೆ ಕೂತದ್ದನ್ನು ನೋಡಿ ಗುರುತಯ್ಯನಿಗೆ ಗಾಬರಿಯಾಯಿತು.

"ಬೆಳಿಗ್ಗೆಯಿಂದ ಎಲ್ಲರದೂ ಕೇಳಿದೆ," ಎಂದರು ತಾಯಿ. "ಈಗ ನಂದೊಂದು ಇದೆ. ಯಾರು ಕೇಳ್ತೀರಿ?"

ಬೇಕರಿಯವನು ಹಿಟ್ಟಿನ ಕೈ ಎತ್ತಿದ. "ನಾವೆಲ್ಲ ಕೇಳ್ತೀವಿ ತಾಯಿ."

"ಅಲ್ಲಿ ನೀರಿನ ಹತ್ತಿರ ಕೂತಿದ್ದಾಳಲ್ಲ, ನನ್ನ ಸೊಸೆ. ನಾನು ಬಿದ್ದಾಗಿನಿಂದ ನನ್ನನ್ನ ಎತ್ತಿದವಳು. ದಿಂಬು ಸರಿಯಿಲ್ಲ ಅಂತ ನಾನು ಕೂಗಿದಾಗೆಲ್ಲ ಬಂದವಳು. ದಿಂಬು ಸರಿಯಾಗೇ ಇರ್ತಿತ್ತು." ಅವರು ಕೋಲಿನ ತುದಿಯಿಂದ ನೆಲ ಕೆದಕಿದರು. "ಒಬ್ಬಳೇ ಇದ್ದರೆ ಹೆದರಿಕೆ ಆಗ್ತಿತ್ತು. ಅದಕ್ಕೇ ಕೂಗ್ತಿದ್ದೆ. ಅದಕ್ಕೇ ಇಲ್ಲಿಗೂ ಅಂಟಿಕೊಂಡು ಬಂದೆ. ಅವಳು ಇದುವರೆಗೆ ಒಂದು ಮಾತು ಆಡಿಲ್ಲ. ನನಗೂ 'ಚೆನ್ನಾಗಿ ನೋಡಿಕೊಂಡೆ ಕಣಮ್ಮ' ಅಂತ ಅವಳಿಗೆ ಹೇಳೋಕೆ ಬಾಯಿ ಬಂದಿಲ್ಲ. ಬರೀ ಬಯ್ಯೋಕೆ ಮಾತ್ರ ಬರುತ್ತೆ, ಏನು ಮಾಡೋದು? ಅವಳಿಗೆ ನಾಳೆಯವರೆಗೆ ಆ ಜಾಗ ಬಿಟ್ಟುಕೊಡಿ. ಯಾರೂ ಅವಳನ್ನ ಕೂಗಬಾರದು. ನಾನೂ ಸೇರಿ. ಅದೇ ನನ್ನ ಅಹವಾಲು."

 ಗುರುತಯ್ಯ ಬನ್ನಿನ ಚೂರೊಂದು ಗಂಟಲಲ್ಲಿ ಸಿಕ್ಕಿದಂತೆ ನಟಿಸಿ ಕಣ್ಣೊರೆಸಿಕೊಂಡ.

"ಡೇರೆ ನಾಳೆ ಸಂಜೆಯವರೆಗೆ ಇಲ್ಲೇ," ಎಂದು ತಾಯಿ ತೀರ್ಪು ಕೊಟ್ಟರು. "ಆಮೇಲೆ ಈ ಸಾಹೇಬರು ಹೊತ್ತುಕೊಂಡು ಹೋಗ್ತಾರೆ. ಅಲ್ಲೀತನಕ ನನ್ನ ಪಕ್ಕ ಕೂತು ಕೇಳೋದು ಕಲೀಲಿ. ಏನಪ್ಪಾ?"

"ಆಗಲಿ ತಾಯಿ," ಎಂದು ಅಧಿಕಾರಿ ನೆಲದ ಮೇಲೇ ಕೂತರು. ಬೇಕರಿಯವನು ಅವರ ಮುಂದೆ ಬಂದು ಬೀದಿ ದೀಪದ ವಿಷಯ ತೆಗೆದ. ಆದರೆ ಬಾಯಿ ತೆರೆದವನು ಒಮ್ಮೆ ಕೆರೆಯ ಕಡೆ ನೋಡಿ, ದನಿಯನ್ನು ಪಾತಾಳಕ್ಕಿಳಿಸಿ ಪಿಸುಗುಟ್ಟಿದ. ಅಧಿಕಾರಿಯೂ ಪಿಸುಗುಟ್ಟಿ, ಇಂದೇ ಹಾಕಿಸುತ್ತೇನೆ ಎಂದರು.

ಅಲ್ಲಿಂದ ಶುರುವಾದದ್ದು ಸಂಜೆಯವರೆಗೂ ನಡೆಯಿತು. ಗೋಡೆಯ ವಿಷಯದಲ್ಲಿ ವರ್ಷಗಳಿಂದ ಕಚ್ಚಾಡುತ್ತಿದ್ದ ಅಕ್ಕಪಕ್ಕದ ಮನೆಯ ಇಬ್ಬರು ಬಂದು, ಬೆರಳು ತೋರಿಸಿ, ಕಣ್ಣು ಕೆಂಪಗೆ ಮಾಡಿ, "ನಿಮ್ಮಪ್ಪನ ಗೋಡೆನಾ?", "ಹೌದು ಕಣಯ್ಯ, ನಮ್ಮಪ್ಪಂದೇ!" ಎಂದು ಪಿಸುಮಾತಿನಲ್ಲಿ ಬೈದಾಡಿದರು. ಪಿಸುಮಾತಿನಲ್ಲಿ ಬೈಗುಳಕ್ಕೆ ಕಾವೇ ಬರುವುದಿಲ್ಲವೆಂದು ಕಂಡು, ಇಬ್ಬರೂ ಬೇಸತ್ತು ರಾಜಿಯಾದರು. ಮೇಷ್ಟ್ರು ಸಾಲಿನುದ್ದಕ್ಕೂ ತುಟಿಯ ಮೇಲೆ ಬೆರಳಿಟ್ಟು ಓಡಾಡಿದರು; ಒಂದು ತರಗತಿ ಅವರಿಗೆ ಇಷ್ಟು ವಿಧೇಯವಾಗಿದ್ದುದು ಇದೇ ಮೊದಲು. ಯಾರೋ ಸೀನು ಬಂದಾಗ ರಸ್ತೆಯಾಚೆ ಓಡಿ ಸೀನಿ ಬಂದರು.

ಹೊತ್ತು ಇಳಿಯುವಾಗ ಗುರುತಯ್ಯ ಒಂದು ತಟ್ಟೆಯಲ್ಲಿ ಬ್ರೆಡ್ಡು, ಮೊಟ್ಟೆ ಹಿಡಿದು, ತುದಿಗಾಲಿನಲ್ಲಿ ನೀರಿನಂಚಿಗೆ ಹೋದ. ಗಾಳದ ತುದಿಯಲ್ಲಿ ಕೊಕ್ಕೆಯೇ ಇರಲಿಲ್ಲ. ಅದನ್ನು ಅವಳು ಬೆಳಿಗ್ಗೆಯೇ ನೋಡಿದ್ದಳು, ಆದರೂ ನೀರಿಗೆ ಬಿಟ್ಟುಕೊಂಡು ಕೂತಿದ್ದಳು. ಕೆನ್ನೆ ಮೊಣಕಾಲಿಗೆ ಆನಿತ್ತು. ನಿದ್ದೆ ಮಾಡಿ ಎದ್ದ ಮುಖ.

"ಎಲ್ಲರೂ ಹೋದ್ರಾ?" ಎಂದು ಅವಳು ತಿರುಗದೆಯೇ ಕೇಳಿದಳು.

ಗುರುತಯ್ಯ ಹಿಂದೆ ನೋಡಿದ. ಡೇರೆಯಿಂದ ರಸ್ತೆಯವರೆಗೆ ಸಾಲು ಹಾಗೆಯೇ ಇತ್ತು. ಇಡೀ ಊರು ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿತ್ತು. ತಾಯಿ ಕೋಲೆತ್ತಿ, ಹೂಂ ಅನ್ನು ಎಂದು ಸನ್ನೆ ಮಾಡುತ್ತಿದ್ದರು.

"ಹೋದರು," ಎಂದ ಅವನು. "ಆವಾಗಲೇ ಹೋದರು."

ಅವಳು ತಟ್ಟೆಯಿಂದ ಬ್ರೆಡ್ಡಿನ ತುಂಡೊಂದನ್ನು ತೆಗೆದುಕೊಂಡು, ನಿಧಾನವಾಗಿ ಅಗಿದು, ನೀರನ್ನೇ ನೋಡುತ್ತ ಹೇಳಿದಳು: "ಹಾಗಾದರೆ, ಹೋದವರಿಗೆಲ್ಲ ನನ್ನ ಕಡೆಯಿಂದ ದೊಡ್ಡ ಉಪಕಾರ ಆಯ್ತು ಅಂತ ಹೇಳಿಬಿಡಿ ರೀ. ಅತ್ತೆಗೆ ಮೊದಲು ಹೇಳಿ."